ಸೀರೆ ಹೊದ್ದ ಪ್ಲಮ್ ಮರ

ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ಕೆಮ್ಮಣ್ಣುಗುಂಡಿಯ ಕ್ವಾರ್ಟರ್ಸ್‌ನಲ್ಲಿದ್ದೆವು. ನನ್ನವರು ಗಣಿಯಲ್ಲಿ ಮೆಕ್ಯಾನಿಕ್. ಊಟಿಗೆ ಹೋಗಿಬಂದ ಅವರ ಸ್ನೇಹಿತರೊಬ್ಬರು ಒಂದು ಪ್ಲಮ್ ಸಸಿ ತಂದುಕೊಟ್ಟಿದ್ದರು. ಹಿತ್ತಿಲಲ್ಲಿ ನೆಟ್ಟೆ. ಮರ ಆಳೆತ್ತರ ದಾಟಿ ಬೆಳೆದ ಮೇಲೆ ಒಂದು ಮಾಘದಲ್ಲಿ ಮೊದಲ ಸಲ ಹೂ ಬಿಟ್ಟಿತು. ಅದೇ ವಾರ ಇಬ್ಬನಿ ಹೆಪ್ಪುಗಟ್ಟಿ ಹುಲ್ಲೆಲ್ಲ ಬೆಳ್ಳಗಾಯಿತು. ಬೆಳಗ್ಗೆ ಎದ್ದು ನೋಡಿದರೆ ಹೂಗಳು ಸುಟ್ಟಂತೆ ಕಪ್ಪಾಗಿದ್ದವು. ಅಂದು ನಾನು ತಿಂಡಿಯನ್ನೂ ಮಾಡಲಿಲ್ಲ.

ಮರುವರ್ಷ ನನ್ನ ಮಗಳನ್ನು ನೋಡಿಕೊಳ್ಳಲು ಅಜ್ಜಂಪುರದಿಂದ ಅತ್ತೆ ಬಂದರು. ಎಲೆ ಉದುರಿಸಿ ನಿಂತಿದ್ದ ಮರ ನೋಡಿ, “ಒಣಗಿದ್ದನ್ನ ಯಾಕೆ ಇಟ್ಕಂಡಿದೀಯೇ? ಕಡಿದ್ರೆ ನೀರೊಲೆಗಾದ್ರೂ ಆಯ್ತದೆ” ಎಂದರು. ನಾನು ಬೇಡವೆಂದೆ. ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಆ ಬೋಳು ಕೊಂಬೆಗಳ ತುಂಬ ಬಿಳಿ ಹೂ. ಅತ್ತೆ ಮಗುವನ್ನು ಎತ್ತಿಕೊಂಡು ಮರದ ಕೆಳಗೇ ನಿಂತುಬಿಟ್ಟರು. “ಶಿವನೇ, ಒಂದೆಲೆ ಇಲ್ದೆ ಇಷ್ಟು ಹೂವೇ!”

ಹಿಂದಿನ ವರ್ಷದ ಕಥೆ ಹೇಳಿದೆ. ಅವರು ಕೇಳಿ ಸುಮ್ಮನಾಗಲಿಲ್ಲ. ಮಗನಿಂದ ಮರದ ಸುತ್ತ ನಾಲ್ಕು ಬಿದಿರು ಗಳ ನೆಡಿಸಿದರು. ಟ್ರಂಕಿನಿಂದ ತಮ್ಮ ಹಳೆಯ ಕೆಂಪು ಇಳಕಲ್ ಸೀರೆ ತೆಗೆದರು. ಅದು ಸಾಲದೆ ನನ್ನ ಎರಡು ಸೀರೆಗಳೂ ಹೋದವು. ಸಂಜೆ ಹೊದಿಸುವುದು, ಬಿಸಿಲು ಬಂದ ಮೇಲೆ ತೆಗೆಯುವುದು. “ಕೂಸಿಗೆ ಕುಲಾವಿ, ಮರಕ್ಕೆ ಸೀರೆ” ಎಂದು ನನ್ನವರು ನಗುತ್ತಿದ್ದರು.

ಹಿತ್ತಿಲ ಬೇಲಿಯಾಚೆ ಗಣಿಗೆ ಹೋಗುವ ದಾರಿ. ಒಂದು ಬೆಳಗ್ಗೆ ನಾವು ಸೀರೆ ತೆಗೆಯಲು ಹೋದರೆ ಮರದ ಬುಡದಲ್ಲಿ ಅರಿಶಿನ, ಕುಂಕುಮ, ಒಡೆದ ತೆಂಗಿನಕಾಯಿ, ಇನ್ನೂ ಹೊಗೆಯಾಡುತ್ತಿದ್ದ ಊದುಬತ್ತಿ! ಗಣಿಯಲ್ಲಿ ಮಣ್ಣು ಹೊರುವ ಹೆಂಗಸೊಬ್ಬಳು ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದಳು.

ಅತ್ತೆ ಹತ್ತಿರ ಹೋಗಿ, “ಏನವ್ವಾ ಇದು?” ಎಂದರು.

“ಅಮ್ಮ ಇಲ್ಲಿ ನೆಲೆಸವ್ಳೆ ಅಂದ್ರು. ಅದ್ಕೇ ಕಾಯಿ ಒಡ್ದೆ.”

“ಅಮ್ಮನೂ ಇಲ್ಲ, ಏನೂ ಇಲ್ಲ ಕಣೇ! ಹೂ ಚಳಿಗೆ ಸಾಯ್ತವೆ ಅಂತ ಹೊದಿಸಿರೋದು. ನನ್ನ ಸೀರೆ ಇದು!”

ಅವಳು ಮರ ನೋಡಿದಳು, ಅತ್ತೆಯನ್ನು ನೋಡಿದಳು. ಆಮೇಲೆ ಮೆಲ್ಲಗೆ, “ಹಂಗಾದ್ರೆ ಕಾಯಿ ವಾಪಸ್ ತಗಂಡ್ ಹೋಗ್ಲಾ?” ಎಂದಳು.

ನನಗೆ ನಗು ತಡೆಯಲಾಗಲಿಲ್ಲ. ಅತ್ತೆಗೂ ಅಷ್ಟೇ. “ಬಾ ಒಳಗೆ, ಚಟ್ನಿ ಅರೀತೀನಿ. ರೊಟ್ಟಿ ತಿಂದ್ಕಂಡು ಹೋಗು” ಎಂದು ಕೈಹಿಡಿದು ಕರೆದುಕೊಂಡು ಬಂದರು.

ಅಂದಿನಿಂದ ಆಕೆ ಸಂಜೆ ಕೆಲಸ ಮುಗಿಸಿ ಬರುವಾಗ ನಮ್ಮಲ್ಲಿಗೆ ಬಂದು, ಸೀರೆಯ ಒಂದು ತುದಿ ಹಿಡಿದು ಹೊದಿಸಲು ಕೈಜೋಡಿಸುತ್ತಿದ್ದಳು. ಅವಳೂ ಅತ್ತೆಯೂ ಕಾಫಿ ಕುಡಿಯುತ್ತ ಕತ್ತಲಾಗುವವರೆಗೆ ಮಾತಾಡುವರು. ಮನೆಯಲ್ಲಿ ಬೇಸರ ಎನ್ನುತ್ತಿದ್ದ ಅತ್ತೆ ಊರಿಗೆ ಹೋಗುವ ಮಾತನ್ನೇ ಬಿಟ್ಟರು.

ಆ ವರ್ಷವೂ ಒಂದೆರಡು ಸಲ ಹುಲ್ಲು ಬೆಳ್ಳಗಾಯಿತು. ಹೂ ಮಾತ್ರ ಉಳಿಯಿತು. ಬೇಸಿಗೆ ಮುಗಿಯುವ ಹೊತ್ತಿಗೆ ಕಾಯಿಗಳು ಕೆಂಪೇರಿ, ಮೈಮೇಲೆ ತೆಳು ಬೂದಿ ಸವರಿದಂತೆ ಕಂಡವು. ಮೊದಲ ಹಣ್ಣು ಕಚ್ಚಿದ ಅತ್ತೆ ಒಂದು ಕಣ್ಣು ಮುಚ್ಚಿ, ಭುಜ ಕುಣಿಸಿ, “ಅಯ್ಯಯ್ಯೋ ಹುಳಿ!” ಎಂದರು. ಆದರೂ ಉಗುಳಲಿಲ್ಲ. ಇನ್ನೊಂದಕ್ಕೆ ಕೈ ಚಾಚಿದರು.

ಉಳಿದ ಹಣ್ಣಿಗೆ ಬೆಲ್ಲ, ಮೆಣಸಿನಕಾಯಿ ಹಾಕಿ ಗೊಜ್ಜು ಮಾಡಿದರು. ಒಂದು ಡಬ್ಬಿ ಗಣಿಯ ಗೆಳತಿಗೆ ಹೋಯಿತು. ಮಳೆ ಹಿಡಿಯುವ ಮುಂಚೆ ಕೊನೆಗೂ ಊರಿಗೆ ಹೊರಟಾಗ, ಇನ್ನೊಂದನ್ನು ಮಡಿಲಲ್ಲಿಟ್ಟುಕೊಂಡು ಅತ್ತೆ ಬಸ್ಸು ಹತ್ತಿದರು. ಅಜ್ಜಂಪುರದಲ್ಲಿ ಬೀದಿಯವರಿಗೆಲ್ಲ ಚಮಚ ಚಮಚ ಹಂಚಿ, “ನನ್ನ ಮರದ್ದು” ಎಂದರಂತೆ.