ಬಾಯಿ ತೆರೆದವರಿಗೆಲ್ಲ ಒಂದು ಕಾದಂಬರಿ

ಹಲ್ಲಿನ ಡಾಕ್ಟರಮ್ಮನ ಕುರ್ಚಿಯಲ್ಲಿ ಕೂತವರು ಹಲ್ಲು ಕಳೆದುಕೊಂಡರೂ ಕಥೆಯೊಂದನ್ನು ಗಿಟ್ಟಿಸಿಕೊಂಡೇ ಏಳಬೇಕು. ಬಾಯಿ ಅಗಲಿಸಿದವರು ಬೇಡ ಎನ್ನಲಾರರು ಎಂಬುದು ಅವರಿಗೆ ಚೆನ್ನಾಗಿ ಗೊತ್ತು. "ಮಂಗಳ ಗ್ರಹದಲ್ಲಿ ಕಾಗದ ಹಂಚೋನ ಕಥೆ ಓದಿದೀರಾ? ಇಲ್ವಾ? ಅಯ್ಯೋ, ಇಷ್ಟು ದಿನ ಏನ್ ಮಾಡ್ತಿದ್ರಿ?" ಎನ್ನುತ್ತಲೇ ಇಕ್ಕಳ ಹಿಡಿಯುತ್ತಾರೆ. ಅವನ ಗಾಡಿ ಬಿರುಗಾಳಿಗೆ ಸಿಕ್ಕುವ ಹೊತ್ತಿಗೆ ಸರಿಯಾಗಿ "ಹ್ಞಾಂ, ಬಾಯಿ ಮುಕ್ಕಳಿಸಿ" ಎಂದು ನಿಲ್ಲಿಸಿಬಿಡುತ್ತಾರೆ. ಮುಂದೇನಾಯಿತು ಎಂದು ಕೇಳಿದರೆ ಪುಸ್ತಕ ಕೈಗೆ ಬರುತ್ತದೆ. "ಈ ಲೇಖಕನ ಹೆಸರೇ ಕೇಳಿಲ್ವಲ್ಲಮ್ಮ" ಎಂದು ತಾತನೊಬ್ಬ ರಾಗ ಎಳೆದರೆ, "ದವಡೆಹಲ್ಲು ಇದೆ ಅಂತ ನೋವು ಬರೋವರೆಗೂ ನಿಮಗೆ ನೆನಪಿತ್ತಾ ತಾತ?" ಎಂದು ಬಾಯಿ ಮುಚ್ಚಿಸಿದರು. ಆ ಲೇಖಕ, ಹೊರಗಿನ ಮೇಜಿನಲ್ಲಿ ಚೀಟಿ ಬರೆಯುವ ಅವರ ಗಂಡನೇ ಎಂಬುದು ಯಾರಿಗೂ ಗೊತ್ತಿಲ್ಲ. ಬೇರೆ ಹೆಸರಿನಲ್ಲಿ ಬರೆಯುತ್ತಿದ್ದ ಆಸಾಮಿ, ಓದುವವರೇ ಇಲ್ಲವೆಂದು ಹೊಸ ಕಾದಂಬರಿಯನ್ನು ಅರ್ಧಕ್ಕೇ ಕೈಬಿಟ್ಟಿದ್ದಾನೆ. "ಹೆಂಡ್ತಿ ಓದಿದ್ರೆ ಲೆಕ್ಕಕ್ಕಿಲ್ಲ ಕಣೇ" ಎನ್ನುವುದು ಅವನ ವಾದ. ನಿನ್ನೆ ಕೆನ್ನೆ ಊದಿಸಿಕೊಂಡ ಹುಡುಗಿಯೊಬ್ಬಳು ಆ ಪುಸ್ತಕ ಹಿಡಿದು ಗಂಡನ ಮೇಜಿನ ಮುಂದೆ ನಿಂತು, "ಅಂಕಲ್, ಇವ್ರದ್ದು ಹೊಸ ಪುಸ್ತಕ ಯಾವಾಗ ಬರುತ್ತೆ? ನಾನೂ ಅಕ್ಕನೂ ಕಿತ್ತಾಡ್ಕೊಂಡು ಓದಿದ್ವಿ" ಎಂದಳು. ಒಳಗೆ ಡಾಕ್ಟರಮ್ಮ ಯಾರದೋ ಬಾಯಲ್ಲಿ ತಿರುಗುತ್ತಿದ್ದ ಯಂತ್ರ ನಿಲ್ಲಿಸಿ ಕಿವಿಗೊಟ್ಟರು. ಹೊರಗೆ ಗಂಡ ಚೀಟಿಗಳ ಕಟ್ಟನ್ನು ಪಕ್ಕಕ್ಕೆ ಸರಿಸಿದ. "ಬರೀತಾ ಇದಾರಮ್ಮ," ಎಂದ. "ಇವತ್ತಿಂದ."