ಸೊಂಟದ ಬೆಳ್ಳಿ

ನಾನು ಎಂಟನೇ ತರಗತಿಗೆ ಶಾಲೆ ಬಿಟ್ಟದ್ದು ೧೯೫೧ರಲ್ಲಿ. ಇಂದು ಬೆಳಿಗ್ಗೆ ಯಾರದೋ ಮಗುವಿನ ಬೆಳ್ಳಿ ಉಡಿದಾರವನ್ನು ಹುಣಸೆಹುಳಿ ಹಾಕಿ ಉಜ್ಜುತ್ತಿದ್ದಾಗ, ಆ ಹುಳಿ ವಾಸನೆಗೆ ಅದೆಲ್ಲ ನೆನಪಾಯಿತು.

ಶಾಲೆ ಬಿಟ್ಟ ಮೇಲೆ ರಥಬೀದಿಯ ಬೆಳ್ಳಿ ಅಂಗಡಿಯಲ್ಲಿ ನನಗೆ ಕೆಲಸ. ಕೂಲಿಯಲ್ಲಿ ಸ್ವಲ್ಪವನ್ನು ಬೆಳ್ಳಿಯಾಗಿಯೇ ಪಡೆದು, ಕರಗಿಸಿ ಗಟ್ಟಿ ಮಾಡಿ ಪೆಟ್ಟಿಗೆಯಲ್ಲಿ ಇಡುತ್ತಿದ್ದೆ. ಅದೇ ಅಂಗಡಿಯಲ್ಲಿ ಕೆಲಸಕ್ಕಿದ್ದ ನನ್ನ ಭಾವನಿಗೆ ಇದೇ ತಮಾಷೆ. "ಎಂತ ಮಾರಾಯ, ನಾಳೆ ಗಂಜಿಗೆ ಬೆಳ್ಳಿ ಹಾಕಿ ಕುದಿಸ್ತೀಯಾ? ನೋಟು ಕೂಡಿಡು!" ನಾನೋ ಹಠಮಾರಿ. ಬುದ್ಧಿ ಹೇಳಿದವರಿಗೆ ಬೆನ್ನು ತೋರಿಸುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ.

ಜೆಪ್ಪುವಿನ ವೃದ್ಧ ಪಾದ್ರಿಯೊಬ್ಬರು ಪೂಜೆಯ ಪಾತ್ರೆಗೆ ಹೊಳಪು ಕೊಡಿಸಲು ಬರುತ್ತಿದ್ದರು; ಅಲ್ಲಿ ಪಾದ್ರಿಯಾಗಲು ಓದುವ ಹುಡುಗರಿಗೆ ಹೀಬ್ರೂ ಕಲಿಸುವವರು. ಒಮ್ಮೆ ಭಾವನ ಗೇಲಿ ಅವರ ಕಿವಿಗೂ ಬಿತ್ತು.

"ಹೀಬ್ರೂವಿನಲ್ಲಿ ಬೆಳ್ಳಿಗೆ ಕೆಸೆಫ್ ಅಂತಾರೆ. ಹಣಕ್ಕೂ ಅದೇ ಮಾತು," ಎಂದರು. "ನಮ್ಮ ಧರ್ಮಗ್ರಂಥದಲ್ಲಿ ಅಬ್ರಹಾಮ ಹೆಂಡತಿಯ ಸಮಾಧಿಗೆ ಜಾಗ ಕೊಂಡದ್ದು ಬೆಳ್ಳಿ ತೂಗಿಕೊಟ್ಟು. ಆಗ ನೋಟು ಎಲ್ಲಿತ್ತು?"

ಭಾವ ಪಾದ್ರಿಗಳ ಪಾತ್ರೆ ತೆಗೆದುಕೊಂಡು ಉಜ್ಜತೊಡಗಿದ. ನನಗೆ ಆ ದಿನ ಊಟವೇ ಬೇಡವೆನಿಸಿತು, ಅಷ್ಟು ಹೊಟ್ಟೆ ತುಂಬಿತ್ತು.

ಕೆಲವು ವರ್ಷಗಳ ಮೇಲೆ ಬಂದರಿನಲ್ಲಿ ಕರಿಮೆಣಸಿನ ವ್ಯಾಪಾರಿ ಅಹ್ಮದ್ ಬ್ಯಾರಿಗಳ ಬಾಡಿಗೆ ಕೋಣೆ ಖಾಲಿಯಾಯಿತು. ಸ್ವಂತ ಅಂಗಡಿ ಎಂಬ ನನ್ನ ಕನಸಿಗೆ ಅದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ. ಆದರೆ ಸಂಜೆಯೊಳಗೆ ಮುಂಗಡ ಕೊಡಬೇಕು, ಇಲ್ಲವಾದರೆ ಇನ್ನೊಬ್ಬನಿಗೆ. ಅವಸರಕ್ಕೆ ಮಾರಲು ಹೋದರೆ ಬೆಳ್ಳಿಗೆ ಅರ್ಧ ಬೆಲೆಯೂ ಸಿಗದು. ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋದೆ.

"ನೋಟು ಇಲ್ಲ. ಬೆಳ್ಳಿ ಉಂಟು, ತೂಗಿಕೊಳ್ಳಿ ಕಾಕ."

"ನೀನು ಬೆಳ್ಳಿಯವ, ನಿನ್ನ ತಕ್ಕಡಿ ನಾನು ನಂಬುವುದು ಹೇಗೆ?"

"ನಿಮ್ಮದರಲ್ಲೇ ಆಗಲಿ."

ಕರಿಮೆಣಸು ತೂಗುವ ತಕ್ಕಡಿ ಬಂತು. ಅಂದಿನ ದರಕ್ಕೆ ಮುಂಗಡ ಎಷ್ಟು ಬೆಳ್ಳಿಯಾಗುತ್ತದೋ ಅಷ್ಟು ತೂಕದ ಕಲ್ಲನ್ನು ಬ್ಯಾರಿಗಳು ಒಂದು ತಟ್ಟೆಗೆ ಇಟ್ಟರು. ಇನ್ನೊಂದಕ್ಕೆ ನಾನು ಗಟ್ಟಿಗಳನ್ನೆಲ್ಲ ಸುರಿದೆ. ಪೆಟ್ಟಿಗೆ ಬರಿದಾಯಿತು, ನನ್ನ ತಟ್ಟೆ ಇನ್ನೂ ಮೇಲೆಯೇ. ಸುತ್ತ ನಿಂತ ಹಮಾಲರು "ಅಯ್ಯೋ" ಎಂದರು.

ಗೋಡೆಗೆ ಮುಖ ಮಾಡಿ, ಚಿಕ್ಕಂದಿನಿಂದ ಉದ್ದ ಮಾಡಿಸುತ್ತಾ ಬಂದಿದ್ದ ನನ್ನ ಬೆಳ್ಳಿ ಉಡಿದಾರವನ್ನು ಸೊಂಟದಿಂದ ಬಿಚ್ಚಿ ತಟ್ಟೆಗೆ ಹಾಕಿದೆ. ತಟ್ಟೆ ಮೆಲ್ಲನೆ ಕೆಳಗಿಳಿಯಿತು.

ಬ್ಯಾರಿಗಳು ಹೊಟ್ಟೆ ಹಿಡಿದು ನಕ್ಕರು. "ಸೊಂಟದ್ದನ್ನೂ ಬಿಡಲಿಲ್ಲವಲ್ಲ ಮಾರಾಯ! ಇನ್ನು ಪಂಚೆ ಗಟ್ಟಿ ಹಿಡ್ಕೊ. ಹಿಡಿ, ಬೀಗದ ಕೈ."

ಒಂದು ಕೈಯಲ್ಲಿ ಪಂಚೆ, ಇನ್ನೊಂದರಲ್ಲಿ ಬೀಗದ ಕೈ. ರಾಜನ ಹಾಗೆ ಬೀದಿಗಿಳಿದೆ.

ಮಗುವಿನ ಉಡಿದಾರ ಈಗ ಬೆಳ್ಳಗೆ ಹೊಳೆಯುತ್ತಿದೆ. ಮಗುವಿನ ತಾಯಿ ಬಂದರೆ ಹೇಳಬೇಕು, ವರ್ಷವರ್ಷ ಉದ್ದ ಮಾಡಿಸಲಿ, ಯಾವ ದಿನ ಬೇಕಾಗುತ್ತದೋ. ಈಗ ನನ್ನಲ್ಲಿ ಅಂಗಡಿ ಎರಡು, ಹಂಚಿನ ಮನೆ ಒಂದು, ಕೆಲಸದವರು ನಾಲ್ಕು ಜನ, ಸೊಂಟದಲ್ಲಿ ಮತ್ತೆ ಮಾಡಿಸಿಕೊಂಡ ಉಡಿದಾರ ಒಂದು.