ಹಳ್ಳದ ತಳ

ನಾನು ಚಿಕ್ಕವಳಿದ್ದಾಗ ನಮ್ಮೂರ ಹಳ್ಳಕ್ಕೆ ಕಬ್ಬಿಣದ ಸಾಮಾನು ಒಯ್ಯುವಂತಿರಲಿಲ್ಲ. ಯಲಬುರ್ಗಾದ ಕಡೆಯ ಸಣ್ಣ ಊರು ನಮ್ಮದು, ಆಗಿನ್ನೂ ನಿಜಾಮನ ಆಳ್ವಿಕೆ. ಬೇಸಿಗೆಯಲ್ಲಿ ಹಳ್ಳ ಬತ್ತಿ ಬರೀ ಉಸುಕು ಉಳಿಯುತ್ತಿತ್ತು. ಆ ಉಸುಕನ್ನು ಕೈಯಿಂದ ತೋಡಿದರೆ ತಣ್ಣನೆಯ ನೀರು ಮೆಲ್ಲಗೆ ಒಸರಿ ಬರುತ್ತಿತ್ತು. ಆ ಗುಂಡಿಗೆ ವರ್ತಿ ಎನ್ನುತ್ತಿದ್ದೆವು. ತೆಂಗಿನ ಚಿಪ್ಪಿನಿಂದ ಗೋರಿ ಗೋರಿ ಕೊಡ ತುಂಬಿಸಬೇಕು, ತುಂಬಿದ ಮೇಲೆ ಎದ್ದು ಮುಂದಿನವರಿಗೆ ಜಾಗ ಬಿಡಬೇಕು. ಬಾಣಂತಿ ಇರುವ ಮನೆಗೆ ಒಂದು ಕೊಡ ಹೆಚ್ಚು. ಅದಕ್ಕೆ ಯಾರೂ ಹೊಟ್ಟೆಕಿಚ್ಚು ಪಡುತ್ತಿರಲಿಲ್ಲ.

ಆ ವರ್ಷ ನಮ್ಮ ಮನೆಯಲ್ಲೇ ಬಾಣಂತಿ. ಅಕ್ಕ ಹೆರಿಗೆಗೆ ತವರಿಗೆ ಬಂದಿದ್ದಳು. ಬೇವಿನೆಲೆ ಹಾಕಿ ಕಾಯಿಸಿದ ನೀರು, ಕೂಸಿನ ಎಣ್ಣೆ, ಲೋಬಾನದ ಹೊಗೆ, ಎಲ್ಲ ಸೇರಿ ಮನೆಯೇ ಘಮಘಮ. ಆದರೆ ಬಿಸಿಲು ಬಲಿತಂತೆ ವರ್ತಿ ಸೊರಗಿತು. ಬೆಳಗಿನಿಂದ ಕೂತರೂ ಕೊಡ ಅರ್ಧವಾಗದು. ಅಕ್ಕನಿಗೆ ನೀರೆರೆಯುವುದು ನಿಂತಿತು. ಕೂಸಿನ ಬಟ್ಟೆಗಳು ಮೂಲೆಯಲ್ಲಿ ಬಿದ್ದು ನಾರುತ್ತಿದ್ದವು.

ಅಪ್ಪ ಮೂಗಿನ ಮೇಲೆ ಸಿಟ್ಟಿನ ಮನುಷ್ಯ. ಒಂದು ಮುಂಜಾನೆ ಗುದ್ದಲಿ ಹೆಗಲಿಗೇರಿಸಿ ಹಳ್ಳಕ್ಕೆ ಹೊರಟ. ಹಿಂದೆ ಕೊಡ ಹಿಡಿದು ನಾನು. ವರ್ತಿಯ ಹತ್ತಿರ ಕೂತಿದ್ದ ನಮ್ಮಜ್ಜಿ, ಅಪ್ಪನ ಅವ್ವ, ಎದ್ದು ಅಡ್ಡ ನಿಂತಳು.

“ಬ್ಯಾಡೋ ನನ್ನಪ್ಪಾ. ಉಸುಕಿನ ಕೆಳಗ ಜೇಡಿಮಣ್ಣು ಐತಿ, ಅದ ಹಳ್ಳದ ತಳ. ಅದಕ್ಕ ತೂತು ಬಿದ್ದರ ನೀರು ನಿಲ್ಲಂಗಿಲ್ಲ.”

“ಮನ್ಯಾಗ ಹಸಿ ಬಾಣಂತಿ ಅದಾಳ ಯವ್ವಾ. ಇವತ್ತಿಂದು ಇವತ್ತ ನೋಡೂಣು” ಎಂದವನೇ ಅಪ್ಪ ಅಗೆದೇಬಿಟ್ಟ.

ಸುತ್ತಲಿನ ನೀರೆಲ್ಲ ಆ ಆಳದ ಗುಂಡಿಗೆ ಇಳಿದು ಬಂತು. ನೋಡನೋಡುತ್ತಲೇ ಕೊಡ ತುಂಬಿತು. ಅಂದು ಅಕ್ಕ ಹಬೆಯಾಡುವ ನೀರಿನಲ್ಲಿ ಮಿಂದು, ಕೂಸನ್ನು ಎದೆಗೊತ್ತಿಕೊಂಡು ಹಾಯಾಗಿ ನಿದ್ದೆಹೋದಳು. ಅಪ್ಪ ಮೀಸೆ ತಿರುವಿದ. ನನಗೂ ಹೆಮ್ಮೆಯೇ ಹೆಮ್ಮೆ.

ಸುದ್ದಿ ಹಬ್ಬಲು ಎಷ್ಟು ಹೊತ್ತು! ಮಧ್ಯಾಹ್ನಕ್ಕೆ ಹಳ್ಳದ ತುಂಬ ಗುದ್ದಲಿಗಳು. “ನೀವು ತಂದೀರಿ, ನಾವು ತರಬಾರದೇನ್ರಿ? ನಮ್ಮ ಮನ್ಯಾಗೂ ಮಕ್ಕಳು ಅದಾವು” ಎಂದರು ನೆರೆಯವರು. ಅಪ್ಪ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಒಬ್ಬರಿಗಿಂತ ಒಬ್ಬರು ಆಳ ಅಗೆದರು. ಸಂಜೆಗೆ ಜೇಡಿಮಣ್ಣು ತೂತಾಗಿ ಕೆಳಗಿನ ಒಡಕು ಕಲ್ಲು ಕಂಡಿತು. ನೀರು ಸುತ್ತಿ ಸುತ್ತಿ ಆ ಕಲ್ಲಿನ ಸಂದಿಯಲ್ಲಿ ಇಳಿದುಹೋಯಿತು. ಊರಿಗೆ ಊರೇ ದಂಡೆಯಲ್ಲಿ ನಿಂತು ನೋಡಿತು. ಅಜ್ಜಿ ತನ್ನ ಚಿಪ್ಪನ್ನು ಉಸುಕಿನ ಮೇಲೆ ಬೋರಲು ಹಾಕಿ ಮನೆಗೆ ನಡೆದಳು.

ಮುಂದೆ ಮಳೆಯೇನೋ ಬಂತು, ಹಳ್ಳ ಹರಿಯಿತು. ಆದರೆ ಬೇಸಿಗೆಯಲ್ಲಿ ಎಷ್ಟು ತೋಡಿದರೂ ಒಣ ಉಸುಕೇ. ಅಕ್ಕ ಮತ್ತೊಂದು ಹೆರಿಗೆಗೆ ತವರಿಗೆ ಬರಲಿಲ್ಲ. ಬಾ ಎಂದು ಕರೆಯುವ ಧೈರ್ಯ ನಮಗೂ ಇರಲಿಲ್ಲ.

ಮಕ್ಕಳೇ, ನಿಮ್ಮ ಶಾಲೆಯ ಪುಸ್ತಕದಲ್ಲಿ ‘ಹನಿ ಹನಿ ಗೂಡಿದರೆ ಹಳ್ಳ’ ಎಂದಿದೆ. ಒಳ್ಳೆಯ ಮಾತೇ, ಬಾಯಿಪಾಠ ಮಾಡಿರಿ. ಮೊನ್ನೆ ನಿಮ್ಮಪ್ಪ ಅಂಗಳದಲ್ಲಿ ಬೋರು ಕೊರೆಸಿದಾಗ ನೀರು ಚಿಮ್ಮಿತು, ನೀವು ನೆನೆಯುತ್ತ ಕುಣಿದಿರಿ. ಆಮೇಲೆ ಕೊರೆಯುವ ಲಾರಿ ಪಕ್ಕದ ಮನೆಗೆ ಹೋಯಿತು, ಅಲ್ಲಿಂದ ಅದರಾಚೆಯ ಮನೆಗೆ. ಬೇಡ ಎನ್ನಲು ನಾನೂ ನಮ್ಮಜ್ಜಿಯಂತೆ ಬಾಯಿ ತೆರೆದೆ, ಆ ಸದ್ದಿನಲ್ಲಿ ಯಾರಿಗೆ ಕೇಳಿಸಬೇಕು! ನಾವು ತಳ ಒಡೆದಾಗ ನೀರು ಹೋಗುವುದನ್ನು ಕಣ್ಣಾರೆ ಕಂಡಿದ್ದೆವು, ಮಕ್ಕಳೇ. ಬೋರಿನ ಆಳದಲ್ಲಿ ನಿಮಗೆ ಅದೂ ಕಾಣುವುದಿಲ್ಲ.